ಉಳುವವರ ಹೃದಯ, ಮೀನು ಹಿಡಿಯುವವರ ಹೃದಯ

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ, ಕಬ್ಬು ಮತ್ತು ಭತ್ತ ಬೆಳೆಯುವ ಮನೆ. ಹೋದ ವರ್ಷ ನಮ್ಮ ಚಿಕ್ಕಪ್ಪ 48ನೇ ವಯಸ್ಸಿನಲ್ಲಿ ಗದ್ದೆಯ ಬದುವಿನ ಮೇಲೆ ಎದೆ ಹಿಡಿದುಕೊಂಡು ಕುಳಿತರು. ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿದು ಮನೆಗೆ ಬಂದು ಮಲಗಿದವರನ್ನು ರಾತ್ರಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಅವರು ತೆಳ್ಳಗಿದ್ದರು, ಕುಡಿಯುತ್ತಿರಲಿಲ್ಲ. ಎಲೆ ಅಡಿಕೆಗೆ ಕಡ್ಡಿಪುಡಿ (ತಂಬಾಕು) ಹಾಕುತ್ತಿದ್ದುದು ಬಿಟ್ಟರೆ ಬೇರೆ ಚಟವಿರಲಿಲ್ಲ. ಈಗ ಆರೋಗ್ಯ ಶಿಬಿರದಲ್ಲಿ ನಮ್ಮ ಅಪ್ಪನಿಗೆ (57 ವರ್ಷ) ಬಿಪಿ 164/100 ಬಂದಿದೆ. ‘ಮೈ ಬಗ್ಗಿಸಿ ದುಡಿಯೋನಿಗೆ ಎಂಥ ಬಿಪಿ’ ಎಂದು ಅವರು ಎರಡು ದಿನ ಮಾತ್ರೆ ನುಂಗಿ ಬಿಟ್ಟುಬಿಟ್ಟರು. ಕೆಆರ್‌ಎಸ್ ಹಿನ್ನೀರಿನಲ್ಲಿ ಮೀನು ಹಿಡಿಯುವ ಮನೆಗಳಲ್ಲಿ 70 ದಾಟಿದವರೂ ಹರಿಗೋಲು ಹಾಕುವುದನ್ನು ನಾವು ಕಣ್ಣಾರೆ ನೋಡುತ್ತೇವೆ. ಮೀನು ತಿನ್ನುವವರಿಗೆ ಹೃದಯಾಘಾತ ಆಗುವುದಿಲ್ಲವೆಂದು ಮೊಬೈಲಿನಲ್ಲಿ ನೋಡಿ ಅಣ್ಣ ಮೀನೆಣ್ಣೆ ಕ್ಯಾಪ್ಸೂಲಿನ ಡಬ್ಬಿ ತಂದಿದ್ದಾನೆ. ರೈತರಿಗಿಂತ ಮೀನುಗಾರರ ಹೃದಯ ನಿಜವಾಗಿಯೂ ಗಟ್ಟಿಯೇ? ಬಿಪಿ ಮಾತ್ರೆಯ ಬದಲು ಮೀನು ಅಥವಾ ಮೀನೆಣ್ಣೆ ಸಾಕೇ? ಅತ್ತಿಗೆ ಐದು ತಿಂಗಳ ಬಸುರಿ. ಅವರಿಗೆ ಮೀನು ಕೊಡಬಹುದೇ? ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಅಜ್ಜಿ ಹೇಳುತ್ತಾರೆ.

ಉತ್ತರ: ನಿಮ್ಮ ಚಿಕ್ಕಪ್ಪನವರ ಸಾವಿಗೆ ನನ್ನ ಸಂತಾಪ. ಮೈಸೂರಿನಲ್ಲಿ ಹೃದ್ರೋಗ ತಜ್ಞನಾಗಿ ಕೆಲಸ ಮಾಡುವ ನನಗೆ ನಿಮ್ಮ ಪತ್ರದಲ್ಲಿರುವಂತಹ ಸಾವುಗಳ ವಿವರ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ತೆಳ್ಳಗಿನ, ದುಡಿಯುವ ಗಂಡಸು, ಎದೆ ನೋವು, ಗ್ಯಾಸ್ಟ್ರಿಕ್ ಎಂಬ ಸಮಾಧಾನ, ಕೈಜಾರಿದ ಗಂಟೆಗಳು. ಉಳಿದ ವಿಷಯಕ್ಕೆ ಹೋಗುವ ಮುಂಚೆ ಒಂದು ಮಾತು ಹೇಳಬೇಕು. ನಿಮ್ಮ ತಂದೆಯವರನ್ನು ಈ ವಾರದಲ್ಲೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಬಿಪಿಯನ್ನು ಮತ್ತೆ ಅಳೆಸಿ, ವೈದ್ಯರು ಬರೆದ ಮಾತ್ರೆಯನ್ನು ಮತ್ತೆ ಶುರು ಮಾಡಿಸಿ. ಮೀನಾಗಲಿ ಮೀನೆಣ್ಣೆಯಾಗಲಿ ಆ ಮಾತ್ರೆಯ ಜಾಗವನ್ನು ತುಂಬುವುದಿಲ್ಲ. ಏಕೆ ತುಂಬುವುದಿಲ್ಲ ಎಂಬುದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಅಣ್ಣನ ನಂಬಿಕೆಯಲ್ಲಿ ಸತ್ಯದ ಒಂದು ಎಳೆಯೂ ಇದೆ.

ಮೊದಲು ಹರಿಗೋಲಿನ ಹಿರಿಯರ ವಿಚಾರ. ನೀರಿನ ಮೇಲೆ ನಿಮಗೆ ಕಾಣುವವರು 70ರಲ್ಲೂ ಬಲೆ ಎಳೆಯುವ ಶಕ್ತಿ ಉಳಿಸಿಕೊಂಡವರು. ಅದೇ ಕೇರಿಯಲ್ಲಿ 50ಕ್ಕೆ ಎದೆ ನೋವು ಬಂದು ಬಲೆ ಬಿಟ್ಟವನು, 55ಕ್ಕೆ ಲಕ್ವ ಹೊಡೆದು ಹಾಸಿಗೆ ಹಿಡಿದವನು, ತೀರಿಕೊಂಡವನು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಕಷ್ಟದ ದುಡಿಮೆಯ ಎಲ್ಲ ಕಸುಬುಗಳಲ್ಲೂ ಹೀಗೆಯೇ ಆಗುತ್ತದೆ. ಕಾಯಿಲೆ ಬಿದ್ದವರು ಕಸುಬಿನಿಂದ ಹೊರಗಾಗುತ್ತಾರೆ, ಉಳಿದವರನ್ನು ನೋಡಿ ಕಸುಬೇ ಆರೋಗ್ಯ ಕೊಟ್ಟಿತೆಂದು ನಾವು ಎಣಿಸುತ್ತೇವೆ. ನಿಮ್ಮೂರಿನ ಗದ್ದೆಗಳಲ್ಲಿಯೂ 75ರ ಮುದುಕರು ಕಳೆ ಕೀಳುತ್ತಿರಬಹುದು, ಆದರೆ ಚಿಕ್ಕಪ್ಪನ ಸಾವಿನ ಪಕ್ಕದಲ್ಲಿ ಅವರು ನಿಮ್ಮ ಲೆಕ್ಕಕ್ಕೆ ಬಂದಿಲ್ಲ. ಒಂದೆರಡು ಕೇರಿಗಳನ್ನು ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಊರುಗಟ್ಟಲೆ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಬೇಕಾಗುತ್ತದೆ.

ಹಾಗೆ ನೋಡಿದವರೂ ಇದ್ದಾರೆ. ಅಮೆರಿಕದ ಆನ್ಸೆಲ್ ಕೀಸ್ ಅವರ ನೇತೃತ್ವದಲ್ಲಿ 1958ರಲ್ಲಿ ಆರಂಭವಾದ ಏಳು ದೇಶಗಳ ಅಧ್ಯಯನವು 40ರಿಂದ 59 ವಯಸ್ಸಿನ ಸುಮಾರು 12,700 ಗಂಡಸರನ್ನು ದಶಕಗಳ ಕಾಲ ಹಿಂಬಾಲಿಸಿತು. ಅದರಲ್ಲಿ ಜಪಾನಿನ ಕ್ಯೂಶೂ ಪ್ರದೇಶದ ಎರಡು ಊರುಗಳಿದ್ದವು: ತನುಶಿಮಾರು ಬೇಸಾಯದ ಊರು, ಉಶಿಬುಕ ಮೀನುಗಾರರ ಊರು. ನಿಮ್ಮ ಪ್ರಶ್ನೆಯನ್ನೇ ಹೋಲುವ ಜೋಡಿ ಅದು. ಮೀನುಗಾರರ ಊರಿನಲ್ಲಿ ಹೃದಯಾಘಾತ ಕಡಿಮೆ, ರೈತರ ಊರಿನಲ್ಲಿ ಹೆಚ್ಚು ಎಂದು ನೀವು ನಿರೀಕ್ಷಿಸಬಹುದು. ಆದರೆ ಎರಡೂ ಊರುಗಳಲ್ಲಿ ಹೃದಯಾಘಾತದ ಸಾವು ಆ ಅಧ್ಯಯನದಲ್ಲಿಯೇ ಅತಿ ಕಡಿಮೆ ಇದ್ದ ಗುಂಪಿನಲ್ಲಿತ್ತು. ಆ ಕಾಲದಲ್ಲಿ ಎರಡೂ ಊರಿನವರ ಊಟದಲ್ಲಿ ಬೆಣ್ಣೆ, ಕೊಬ್ಬಿನ ಮಾಂಸ ಬಹಳ ಕಡಿಮೆ ಇದ್ದು, ರಕ್ತದ ಕೊಲೆಸ್ಟ್ರಾಲ್ 150-160ರ ಆಸುಪಾಸಿನಲ್ಲಿತ್ತು. ಹಾಗೆಂದು ಅವರು ಸುಖವಾಗಿದ್ದರೆನ್ನುವಂತಿಲ್ಲ. ಉಪ್ಪು ಹಾಕಿದ ಮೀನು, ಉಪ್ಪಿನಲ್ಲಿ ಹಾಕಿಟ್ಟ ತರಕಾರಿ, ಸೋಯಾ ಸಾಸ್ ತಿಂದು ಬಿಪಿ ಏರಿದ್ದ ಆ ಕಾಲದ ಜಪಾನಿನಲ್ಲಿ ಮಿದುಳಿನ ಆಘಾತ, ಅಂದರೆ ನಮ್ಮಲ್ಲಿ ಲಕ್ವ ಎನ್ನುವ ಕಾಯಿಲೆ, ದೊಡ್ಡ ಸಾವಿನ ಕಾರಣವಾಗಿತ್ತು. ಹೃದಯವನ್ನು ಕಾಪಾಡಿದ ಊಟದಲ್ಲಿಯೇ ಮಿದುಳನ್ನು ಕೆಡಿಸುವ ಉಪ್ಪು ಇತ್ತು. ಮುಂದಿನ 30 ವರ್ಷಗಳಲ್ಲಿ ತನುಶಿಮಾರುವಿನ ರೈತರ ಬಿಪಿ ಇಳಿಯಿತು, ಲಕ್ವ ಕಡಿಮೆಯಾಯಿತು. ಆದರೆ ಊಟ ಬದಲಾಗಿ ಕೊಲೆಸ್ಟ್ರಾಲ್ 190ರ ಆಸುಪಾಸಿಗೆ ಏರಿತು. ಊರು ಅದೇ, ಮಣ್ಣು ಅದೇ.

ಅದೇ ಅಧ್ಯಯನದ ಇನ್ನೊಂದು ತುದಿಯಲ್ಲಿ ಪೂರ್ವ ಫಿನ್‌ಲೆಂಡಿನ ರೈತರೂ ಮರ ಕಡಿಯುವವರೂ ಇದ್ದರು. ಹಿಮದಲ್ಲಿ ದಿನವಿಡೀ ಕೊಡಲಿ ಬೀಸುವ, ಗದ್ದೆ ಕೆಲಸ ಮಾಡುವ ಆ ಗಟ್ಟಿ ಆಳುಗಳಲ್ಲಿ ಹೃದಯಾಘಾತದ ಸಾವು ಏಳು ದೇಶಗಳಲ್ಲಿಯೇ ಅತಿ ಹೆಚ್ಚು. ಸ್ವಂತ ಹಸುಗಳ ಬೆಣ್ಣೆ, ಕೆನೆಹಾಲು, ಉಪ್ಪು ಮತ್ತು ಸಿಗರೇಟು ಅವರ ದಿನಚರಿಯಾಗಿತ್ತು. ಸರಾಸರಿ ಕೊಲೆಸ್ಟ್ರಾಲ್ 260ರ ಆಸುಪಾಸಿನಲ್ಲಿತ್ತು. ‘ಮೈ ಬಗ್ಗಿಸಿ ದುಡಿಯೋನಿಗೆ ಎಂಥ ಬಿಪಿ’ ಎಂಬ ನಿಮ್ಮ ತಂದೆಯವರ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಗೊತ್ತಿಲ್ಲ. ದುಡಿಮೆ ಒಳ್ಳೆಯದೇ, ಆದರೆ ಅದೊಂದೇ ಸಾಲದು. ಅಲ್ಲಿನ ಉತ್ತರ ಕರೇಲಿಯ ಪ್ರಾಂತ್ಯದಲ್ಲಿ 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯರ ಮುಂದಾಳುತನದಲ್ಲಿ ಊರೂರಿನ ಹೆಂಗಸರು, ಡೇರಿಯವರು, ಶಾಲೆಗಳು, ಆರೋಗ್ಯ ಕೇಂದ್ರಗಳು ಸೇರಿ ಬೆಣ್ಣೆ, ಉಪ್ಪು, ತಂಬಾಕನ್ನು ಕಡಿಮೆ ಮಾಡುವ ಕೆಲಸಕ್ಕಿಳಿದವು. ಮುಂದಿನ ಕೆಲವು ದಶಕಗಳಲ್ಲಿ ಅಲ್ಲಿಯ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯಾಘಾತದ ಸಾವು ಶೇ 80ಕ್ಕಿಂತ ಹೆಚ್ಚು ಇಳಿಯಿತು. ರೈತರು ರೈತರಾಗಿಯೇ ಇದ್ದು ಇದನ್ನು ಸಾಧಿಸಿದರು, ಕಸುಬು ಬದಲಿಸಬೇಕಾಗಿ ಬರಲಿಲ್ಲ.

ಹಾಗಾದರೆ ಮೀನಿಗೆ ಬೆಲೆಯೇ ಇಲ್ಲವೇ? ಇದೆ. ಜಪಾನಿನ ಚಿಬಾ ಪ್ರಾಂತ್ಯದ ಒಂದು ಮೀನುಗಾರರ ಊರನ್ನೂ ಒಂದು ರೈತರ ಊರನ್ನೂ ಹೋಲಿಸಿದ ವರದಿ 1980ರಲ್ಲಿ ಬಂತು. ಮೀನುಗಾರರು ದಿನಕ್ಕೆ ಸುಮಾರು 250 ಗ್ರಾಂ, ರೈತರು ಸುಮಾರು 90 ಗ್ರಾಂ ಮೀನು ತಿನ್ನುತ್ತಿದ್ದರು. ಮೀನುಗಾರರ ರಕ್ತದಲ್ಲಿ ಮೀನೆಣ್ಣೆಯಲ್ಲಿರುವ ಒಮೆಗಾ-3 ಎಂಬ ಕೊಬ್ಬು ಹೆಚ್ಚಿದ್ದು, ರಕ್ತದ ಕಿರುತಟ್ಟೆಗಳು (ಪ್ಲೇಟ್‌ಲೆಟ್) ಒಂದಕ್ಕೊಂದು ಅಂಟಿ ಹೆಪ್ಪುಗಟ್ಟುವ ಸ್ವಭಾವ ಕಡಿಮೆಯಿತ್ತು. ಕೆಆರ್‌ಎಸ್ ಹಿನ್ನೀರಿನ ಪಕ್ಕದಲ್ಲಿರುವ ನಿಮಗೆ ಇನ್ನೂ ಹತ್ತಿರವಾದದ್ದು ಟಾಂಜಾನಿಯಾದ ಲುಗಲಾವ ಅಧ್ಯಯನ, 1996ರದು. ಒಂದೇ ಬುಡಕಟ್ಟಿನ ಮೂಲದ ಜನ. ಒಂದು ಗುಂಪು ನ್ಯಾಸಾ ಸರೋವರದ ದಡದಲ್ಲಿ ಸಿಹಿನೀರಿನ ಮೀನನ್ನು ದಿನಕ್ಕೆ 300ರಿಂದ 600 ಗ್ರಾಂ ತಿನ್ನುತ್ತಿತ್ತು, ಇನ್ನೊಂದು ಗುಂಪು ಗುಡ್ಡಗಾಡಿನಲ್ಲಿ ಬೇಸಾಯ ಮಾಡಿಕೊಂಡು ಸಸ್ಯಾಹಾರದಲ್ಲಿತ್ತು. ಮೀನು ತಿನ್ನುವವರ ಬಿಪಿಯೂ ರಕ್ತದ ಕೊಬ್ಬಿನ ಅಂಶಗಳೂ ಕಡಿಮೆ ಇದ್ದವು. ಆದರೆ ಆ ಮೀನಿನ ಪ್ರಮಾಣವನ್ನು ಗಮನಿಸಿ. ಭಾನುವಾರಕ್ಕೊಮ್ಮೆ ಸಾರಿನಲ್ಲಿ ಬರುವ ಎರಡು ತುಂಡು ಜಿಲೇಬಿ ಮೀನಿನಿಂದ ಅಂಥ ಫಲ ನಿರೀಕ್ಷಿಸಲಾಗದು.

ಈಗ ದೇಹದೊಳಗೆ ನಡೆಯುವುದನ್ನು ನೋಡೋಣ. ಬಹಳ ಜನ ಹೃದಯದ ರಕ್ತನಾಳದ ‘ಬ್ಲಾಕ್’ ಅನ್ನು ವಿಶ್ವೇಶ್ವರಯ್ಯ ನಾಲೆಯ ಹೂಳಿನ ಹಾಗೆ ಊಹಿಸುತ್ತಾರೆ: ವರ್ಷ ವರ್ಷ ಹೂಳು ತುಂಬುತ್ತದೆ, ಒಂದು ದಿನ ನೀರು ನಿಲ್ಲುತ್ತದೆ, ಹಾಗಾಗಿ ಮುಂಚೆಯೇ ಏದುಸಿರು ಬಂದು ಗೊತ್ತಾಗಬೇಕು. ಈ ಚಿತ್ರ ಅರ್ಧ ಮಾತ್ರ ಸರಿ. ಕೊಲೆಸ್ಟ್ರಾಲ್ ನಾಳದ ಗೋಡೆಯ ಒಳಗೆ ಸೇರಿ ಕೊಬ್ಬಿನ ಗಂಟು ಬೆಳೆಯುತ್ತದೆ. ಹೆಚ್ಚಿದ ಬಿಪಿ, ಸಕ್ಕರೆ ಕಾಯಿಲೆ, ತಂಬಾಕು ಆ ಗೋಡೆಯನ್ನು ಗಾಯ ಮಾಡುತ್ತ ಗಂಟನ್ನು ಬೆಳೆಸುತ್ತವೆ. ನಾಳವನ್ನು ಅರ್ಧಕ್ಕಿಂತ ಕಡಿಮೆ ಕಟ್ಟಿದ ಸಣ್ಣ ಗಂಟು ಕೂಡ ಒಂದು ದಿನ ಒಡೆಯಬಹುದು. ಒಡೆದ ಜಾಗದಲ್ಲಿ ಕೆಲವೇ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿಹೋಗಬಹುದು. ಹಿಂದಿನ ದಿನ ಒಂದು ಹೊರೆ ಕಬ್ಬು ಹೊತ್ತವನು ಮಾರನೆಯ ದಿನ ಬದುವಿನ ಮೇಲೆ ಕುಸಿಯುವುದು ಹೀಗೆ. ನಿಮ್ಮ ಚಿಕ್ಕಪ್ಪನವರಿಗೆ ಮುಂಚೆ ಯಾವ ಸೂಚನೆಯೂ ಇರಲಿಲ್ಲವೆಂದು ಮನೆಯವರು ಹೇಳಿದ್ದರೆ ಅದು ನಿಜವೇ ಇರಬೇಕು.

ಚಿಕ್ಕಪ್ಪನವರ ಮೈಯಲ್ಲಿ ಕೊಬ್ಬಿರಲಿಲ್ಲ, ಕುಡಿತವಿರಲಿಲ್ಲ ಎಂದು ಬರೆದ ವಾಕ್ಯದಲ್ಲಿಯೇ ನೀವು ಕಡ್ಡಿಪುಡಿಯನ್ನು ಬದಿಗೆ ಸರಿಸಿದ್ದೀರಿ. ವೈದ್ಯನಾಗಿ ನನ್ನ ಕಣ್ಣು ಅಲ್ಲಿಯೇ ನಿಂತಿತು. ಹೊಗೆಯಿಲ್ಲದ ತಂಬಾಕಿನಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಂದು ಎಲ್ಲರಿಗೂ ಗೊತ್ತು. ಅದು ಹೃದಯದ ಬಡಿತ ಮತ್ತು ಬಿಪಿಯನ್ನು ಏರಿಸುತ್ತದೆ, ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆ ಎಂಬುದು ನಮ್ಮ ಮಂಡ್ಯ, ಮೈಸೂರಿನ ಹಳ್ಳಿಗಳಿಗೆ ಇನ್ನೂ ತಲುಪಿಲ್ಲ. ಬೀಡಿ ಬಿಟ್ಟೆ, ಈಗ ಬರೀ ಎಲೆ ಅಡಿಕೆ ಎಂದು ನೆಮ್ಮದಿಯಿಂದ ಹೇಳುವ ರೋಗಿಗಳ ಸೊಂಟದ ಚೀಲ ಬಿಚ್ಚಿಸಿದರೆ ಕಡ್ಡಿಪುಡಿ ಇರುತ್ತದೆ. ನಿಮ್ಮ ತಂದೆಯವರೂ ಹಾಕುತ್ತಾರೆಯೇ ಎಂದು ನೀವು ಬರೆದಿಲ್ಲ. ದಯವಿಟ್ಟು ಕೇಳಿ ತಿಳಿದುಕೊಳ್ಳಿ.

ನಮ್ಮ ರೈತರ ಬದುಕು ಕೂಡ ಅಜ್ಜಂದಿರ ಕಾಲದ್ದಾಗಿ ಉಳಿದಿಲ್ಲ. ನಾಲೆ ನೀರು ಬಂದ ಕಡೆ ರಾಗಿಯ ಜಾಗವನ್ನು ಬಿಳಿ ಅನ್ನ ಬಹುಮಟ್ಟಿಗೆ ಹಿಡಿದಿದೆ. ಟ್ರ್ಯಾಕ್ಟರ್, ಟಿಲ್ಲರ್ ಬಂದ ಮೇಲೆ ಉಳುಮೆಯ ನಡಿಗೆ ತಪ್ಪಿದೆ. ನಾಟಿ ಮತ್ತು ಕಟಾವಿನ ವಾರಗಳಲ್ಲಿ ಮೈಮುರಿಯುವ ಕೆಲಸ, ನಡುವಿನ ತಿಂಗಳುಗಳಲ್ಲಿ ಬೈಕಿನಲ್ಲೇ ಗದ್ದೆಗೆ ಹೋಗಿ ಬರುವ ಕಾಲ. ಬೆಳೆ ಸಾಲ, ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ಬಾಕಿ, ನಾಲೆಗೆ ನೀರು ಬಿಡುವುದೋ ಇಲ್ಲವೋ ಎಂಬ ಚಿಂತೆ ನಿದ್ದೆಯನ್ನು ಕೆಡಿಸುತ್ತವೆ, ಆ ಚಿಂತೆಯೇ ಬೀಡಿ, ಕಡ್ಡಿಪುಡಿ, ಕುಡಿತಕ್ಕೂ ದಾರಿಯಾಗುತ್ತದೆ. ಇನ್ನು ಉಪ್ಪು. ಮುದ್ದೆಗೆ ಉಪ್ಪು ಹಾಕುವುದಿಲ್ಲವಾದ್ದರಿಂದ ಅದರ ಪಾಲೂ ಸಾರಿನೊಳಗೇ ಹೋಗುತ್ತದೆ; ಉಪ್ಸಾರು, ಅದರ ಮೇಲೆ ಖಾರ, ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ ಸೇರಿದರೆ ಒಂದೇ ಹೊತ್ತಿನಲ್ಲಿ ದಿನದ ಮಿತಿ ಮುಗಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದಷ್ಟು. ಬೆವರಿಳಿಸುವವನಿಗೆ ಹೆಚ್ಚು ಉಪ್ಪು ಬೇಕೆಂಬ ಮಾತಿದೆ. ಬಿರುಬಿಸಿಲಿನ ದುಡಿಮೆಯಲ್ಲಿ ಒಂದಿಷ್ಟು ಉಪ್ಪು ಹೋಗುವುದು ನಿಜ, ಆದರೆ ನಮ್ಮ ಊಟದಲ್ಲಿ ಆಗಲೇ ಇರುವ ಉಪ್ಪು ಅದಕ್ಕೆ ಧಾರಾಳವಾಗಿ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿ 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 35ಕ್ಕಿಂತ ಹೆಚ್ಚು ಜನರಿಗೆ ಅಧಿಕ ರಕ್ತದೊತ್ತಡ, ಶೇ 11ಕ್ಕಿಂತ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇದು ಪಟ್ಟಣದವರ ಕಾಯಿಲೆ ಎನ್ನುವ ಕಾಲ ಮುಗಿದಿದೆ.

ಮೀನುಗಾರರ ಕಡೆಗೂ ಇಷ್ಟೇ ನೇರವಾಗಿ ನೋಡಬೇಕು. ಹಿನ್ನೀರಿನಲ್ಲಿ ಸಂಜೆ ಬಲೆ ಬಿಟ್ಟು ನಸುಕಿನಲ್ಲಿ ಎತ್ತುವವರಿಗೆ ಸರಿಯಾದ ನಿದ್ದೆಯಿಲ್ಲ, ಚಳಿಗೆ ಬೀಡಿ, ದಣಿವಿಗೆ ಕುಡಿತ ಜೊತೆಯಾಗುತ್ತವೆ. ಒಳ್ಳೆಯ ಮೀನು ಮಾರಾಟಕ್ಕೆ ಹೋಗಿ ಮನೆಗೆ ಒಣಮೀನು ಉಳಿಯುವುದೂ ಉಂಟು, ಒಣಮೀನೆಂದರೆ ಉಪ್ಪಿನ ಕಣಜ. ಮಲ್ಪೆ, ಮಂಗಳೂರಿನಿಂದ ಆಳಸಮುದ್ರಕ್ಕೆ ಹೋಗುವವರ ಸಂಕಟ ಬೇರೆ: ದಡದಿಂದ ದಿನಗಟ್ಟಲೆ ದೂರದಲ್ಲಿರುವ ದೋಣಿಯಲ್ಲಿ ಎದೆ ನೋವು ಬಂದರೆ ಬೂತಾಯಿ ಮೀನು ತಿಂದ ಪುಣ್ಯ ಕೈಹಿಡಿಯುವುದಿಲ್ಲ, ಅಲ್ಲಿ ಆಸ್ಪತ್ರೆಯೇ ಇಲ್ಲ.

ಗದ್ದೆಗೂ ದೋಣಿಗೂ ಸಮಾನವಾದ ದೊಡ್ಡ ಅಪಾಯ ಈ ದೂರವೇ. ಭಾರತವೂ ಸೇರಿದಂತೆ 17 ದೇಶಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದ ‘ಪ್ಯೂರ್’ ಅಧ್ಯಯನ 2014ರಲ್ಲಿ ಒಂದು ಕಹಿ ಸತ್ಯವನ್ನು ಹೇಳಿತು. ಶ್ರೀಮಂತ ದೇಶಗಳವರಲ್ಲಿ ಅಪಾಯದ ಅಂಶಗಳು ಹೆಚ್ಚು, ಬಡ ದೇಶಗಳವರಲ್ಲಿ ಕಡಿಮೆ; ಆದರೆ ಹೃದಯಾಘಾತ, ಲಕ್ವ ಮತ್ತು ಅವುಗಳಿಂದಾಗುವ ಸಾವು ಬಡ ದೇಶಗಳಲ್ಲಿಯೇ ಹೆಚ್ಚು. ಬಿಪಿ ಪತ್ತೆಯಾಗದೆ, ಪತ್ತೆಯಾದರೂ ಮಾತ್ರೆ ನಿಂತುಹೋಗಿ, ನೋವು ಬಂದಾಗ ತಡವಾಗಿ ಹೋಗುವುದೇ ಇದಕ್ಕೆ ಮುಖ್ಯ ಕಾರಣ.

ಇನ್ನೊಂದು ಕಾರಣ ಹುಟ್ಟಿಗೂ ಮುಂಚಿನದು. ಭಾರತದಲ್ಲಿ ಅದಕ್ಕೆ ಪುರಾವೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿಯೇ ಎಂಬುದು ಇಲ್ಲಿಯವರಿಗೇ ಹೆಚ್ಚು ಗೊತ್ತಿಲ್ಲ. ಮಿಷನ್ ಆಸ್ಪತ್ರೆ ಎಂದು ಊರಿನವರು ಕರೆಯುವ ಸಿಎಸ್‌ಐ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಅರ್ಧ ಶತಮಾನದ ಬಳಿಕ ಸಂಶೋಧಕರು ಆ ದಾಖಲೆ ಹಿಡಿದು, ಇಲ್ಲೇ ಸುತ್ತಮುತ್ತ ವಾಸವಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು, ಮೂರು ಕಿಲೋ ದಾಟಿ ಚೆನ್ನಾಗಿ ತೂಗಿದವರಲ್ಲಿ ಅದು ಶೇ 3ರಷ್ಟು ಮಾತ್ರ. ತಾಯಿಯ ಹೊಟ್ಟೆಯಲ್ಲಿ ಸಾಕಷ್ಟು ಪೋಷಣೆ ಸಿಗದ ಮಗುವಿನ ದೇಹ ಆಗಲೇ ಅಲ್ಪಕ್ಕೆ ಹೊಂದಿಕೊಳ್ಳುತ್ತದೆ. ಮುಂದೆ ಅದೇ ದೇಹಕ್ಕೆ ಅನ್ನ, ಸಕ್ಕರೆ, ಎಣ್ಣೆ ಸಲೀಸಾಗಿ ಸಿಕ್ಕಾಗ ಸಕ್ಕರೆ ಕಾಯಿಲೆಯೂ ಹೃದ್ರೋಗವೂ ಬೇಗ ಬರುತ್ತವೆ. ನೋಡಲು ತೆಳ್ಳಗಿರುವ ನಮ್ಮ ಗಂಡಸರಿಗೆ 50ರ ಒಳಗೇ ಹೃದಯಾಘಾತವಾಗುವುದಕ್ಕೆ ಇದೂ ಒಂದು ಕಾರಣ. ಒಂದೇ ತಾಲ್ಲೂಕಿನ ಬಡ ರೈತ ತಾಯಿಗೂ ಬಡ ಮೀನುಗಾರ ತಾಯಿಗೂ ಇದರಲ್ಲಿ ವ್ಯತ್ಯಾಸವಿಲ್ಲ.

ಈಗ ನಿಮ್ಮ ಮನೆಗೆ ಬರುತ್ತೇನೆ. ತಂದೆಯವರ ಬಿಪಿಯನ್ನು ಅಳೆಸುವ ಮುಂಚೆ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಿಸಿ, ಅರ್ಧ ಗಂಟೆ ಮುಂಚಿನಿಂದ ತಂಬಾಕು, ಕಾಫಿ ಬೇಡ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಮೇಲಿನ ಅಂಕಿ 140ರ ಮೇಲೆ ಅಥವಾ ಕೆಳಗಿನದು 90ರ ಮೇಲೆ ಬಂದರೆ ಕಾಯಿಲೆ ಖಚಿತ. ಸಕ್ಕರೆ, ಕೊಲೆಸ್ಟ್ರಾಲ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮತ್ತು ಒಂದು ಇಸಿಜಿ ಮಾಡಿಸಿ. ಬಿಪಿ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಮಾತ್ರೆಗಳಿಗೂ ತೊಂದರೆಗಳಿವೆ, ಅವನ್ನು ಮುಚ್ಚಿಡಬಾರದು: ಆಮ್ಲೋಡಿಪಿನ್‌ನಿಂದ ಕಾಲು ಊದಬಹುದು, ಎನಾಲಪ್ರಿಲ್ ಜಾತಿಯ ಮಾತ್ರೆಯಿಂದ ಒಣಕೆಮ್ಮು ಬರಬಹುದು, ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರಿಗೆ ಏಪ್ರಿಲ್ ಬಿಸಿಲಿನಲ್ಲಿ ಕಬ್ಬು ಕಡಿಯುವಾಗ ತಲೆ ಸುತ್ತಬಹುದು. ಇವುಗಳಲ್ಲಿ ಯಾವುದಾದರೂ ಆದರೆ ವೈದ್ಯರಿಗೆ ಹೇಳಿ ಮಾತ್ರೆ ಬದಲಿಸಿಕೊಳ್ಳುವುದು ಸರಿಯಾದ ದಾರಿ. ತಲೆನೋವಿಲ್ಲ, ಆರಾಮಾಗಿದ್ದೇನೆ ಎಂದು ಬಿಡುವುದು ಅಪಾಯದ ದಾರಿ, ಏಕೆಂದರೆ ಹೆಚ್ಚಿನವರಲ್ಲಿ ಬಿಪಿ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಹೃದಯಾಘಾತ ತಡೆಯಲೆಂದು ದಿನಾ ಆಸ್ಪಿರಿನ್ ನುಂಗುವ ಅಭ್ಯಾಸ ನಿಮ್ಮ ಕಡೆ ಇದ್ದರೆ, ಹೃದ್ರೋಗ ಇಲ್ಲದವರಿಗೆ ಅದು ಹೊಟ್ಟೆಯಲ್ಲಿ ರಕ್ತಸ್ರಾವ ತರುವ ಸಂಭವವೇ ಹೆಚ್ಚು. ವೈದ್ಯರು ಬರೆಯದೆ ಬೇಡ.

ಅಣ್ಣ ತಂದ ಕ್ಯಾಪ್ಸೂಲಿನ ಬಗ್ಗೆ. ದಿನಕ್ಕೆ ಒಂದು ಗ್ರಾಂ ಮೀನೆಣ್ಣೆ ಕೊಟ್ಟು ಸುಮಾರು 26 ಸಾವಿರ ಜನರನ್ನು ನೋಡಿದ ಅಮೆರಿಕದ ‘ವೈಟಲ್’ ಪ್ರಯೋಗವಾಗಲಿ, ಸಕ್ಕರೆ ಕಾಯಿಲೆಯ 15 ಸಾವಿರ ಜನರನ್ನು ನೋಡಿದ ಬ್ರಿಟನ್ನಿನ ‘ಅಸೆಂಡ್’ ಪ್ರಯೋಗವಾಗಲಿ, 2018ರ ತಮ್ಮ ಮುಖ್ಯ ಫಲಿತಾಂಶದಲ್ಲಿ ಸ್ಪಷ್ಟ ಪ್ರಯೋಜನ ತೋರಿಸಲಿಲ್ಲ. ಅದೇ ವರ್ಷ ಶುದ್ಧೀಕರಿಸಿದ ಒಂದು ಬಗೆಯ ಒಮೆಗಾ-3 ಅನ್ನು ದಿನಕ್ಕೆ 4 ಗ್ರಾಂನಂತೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಹೆಚ್ಚಿದ್ದ ರೋಗಿಗಳಿಗೆ ಕೊಟ್ಟಾಗ ತೊಂದರೆಗಳು ಕಾಲು ಭಾಗ ಕಡಿಮೆಯಾದವು. ಆದರೆ ಅದು ತಜ್ಞರ ನಿಗಾದಲ್ಲಿ ಕೊಡುವ ಔಷಧ, ಹೃದಯದ ಬಡಿತ ತಾಳ ತಪ್ಪುವ ಅಪಾಯವನ್ನೂ ಅದು ಸ್ವಲ್ಪ ಹೆಚ್ಚಿಸಿತು. ಅಂಗಡಿಯಲ್ಲಿ ಸಿಗುವ ಡಬ್ಬಿಗೂ ಅದಕ್ಕೂ ಸಂಬಂಧವಿಲ್ಲ. ಆ ಹಣದಲ್ಲಿ ಮೀನನ್ನೇ ತನ್ನಿ. ವಾರಕ್ಕೆರಡು ಸಲ ಮೀನು ತಿನ್ನುವುದು ಒಳ್ಳೆಯದು. ಒಮೆಗಾ-3 ಹೆಚ್ಚಿರುವುದು ಬೂತಾಯಿ, ಬಂಗುಡೆಯಂತಹ ಸಮುದ್ರದ ಎಣ್ಣೆ ಮೀನಿನಲ್ಲಿ. ಕಟ್ಲಾ, ರೋಹು, ಗೆಂಡೆ, ಜಿಲೇಬಿಯಲ್ಲಿ ಅದು ಬಹಳ ಕಡಿಮೆ. ಹಾಗೆಂದು ಕೆರೆ ಮೀನನ್ನು ಬಿಡಬೇಕಿಲ್ಲ, ಕೊಬ್ಬಿದ ಕುರಿ ಅಥವಾ ಹಂದಿ ಮಾಂಸದ ಬಾಡೂಟದ ಜಾಗದಲ್ಲಿ ಅದು ಬಂದರೆ ಆ ಬದಲಾವಣೆಯೇ ಲಾಭ. ಸಾರು ಮಾಡಿ ಅಥವಾ ತವಾದಲ್ಲಿ ಬೇಯಿಸಿ; ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿ ಕರಿದ ಮೀನಿನಿಂದ ಹೃದಯಕ್ಕೆ ಉಪಕಾರವಾಗದು. ಮೀನು ತಿನ್ನದ ಮನೆಯವರು ಗಾಬರಿಯಾಗಬೇಕಿಲ್ಲ, ಬಸ್ಸಾರಿನ ಸೊಪ್ಪು, ಕಾಳು, ರಾಗಿ, ಕಡಲೆಬೀಜ ಹೃದಯಕ್ಕೆ ಒಳ್ಳೆಯ ಊಟವೇ.

ಉಪ್ಪಿನ ವಿಷಯದಲ್ಲಿ ನಾನು ಹೆಚ್ಚು ಒತ್ತಾಯ ಮಾಡುತ್ತೇನೆ. ಚೀನಾದ 600 ಹಳ್ಳಿಗಳ ಸುಮಾರು 21 ಸಾವಿರ ಜನರಲ್ಲಿ, ಸೋಡಿಯಂ ಒಂದಿಷ್ಟು ತೆಗೆದು ಪೊಟ್ಯಾಸಿಯಂ ಸೇರಿಸಿದ ಉಪ್ಪನ್ನು ಕೊಟ್ಟಾಗ ಲಕ್ವ ಶೇ 14ರಷ್ಟು, ಸಾವು ಶೇ 12ರಷ್ಟು ಕಡಿಮೆಯಾದವೆಂದು 2021ರಲ್ಲಿ ವರದಿಯಾಯಿತು. ಅಡುಗೆ ಅದೇ, ಒಲೆ ಅದೇ, ಉಪ್ಪಿನ ಡಬ್ಬಿ ಮಾತ್ರ ಬೇರೆ. ನಮ್ಮ ಅಂಗಡಿಗಳಲ್ಲಿ ಇದು ಲೋ ಸೋಡಿಯಂ ಉಪ್ಪು ಎಂದು ಸಿಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು, ರಕ್ತದಲ್ಲಿ ಪೊಟ್ಯಾಸಿಯಂ ಏರಿಸುವ ಮಾತ್ರೆಗಳನ್ನು (ಎನಾಲಪ್ರಿಲ್, ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ಇಂಥವು) ತಿನ್ನುವವರು ವೈದ್ಯರನ್ನು ಕೇಳದೆ ಬಳಸಬಾರದು, ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು. ಅದಕ್ಕಾಗಿಯೇ ಮೇಲೆ ಕ್ರಿಯಾಟಿನಿನ್ ಪರೀಕ್ಷೆ ಹೇಳಿದ್ದು. ಕಡ್ಡಿಪುಡಿ ಬಿಡಲು ಮನಸ್ಸು ಮಾಡಿದವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ. ಬಿಟ್ಟ ಮೊದಲ ವಾರಗಳಲ್ಲಿ ಸಿಡುಕು, ನಿದ್ದೆಗೇಡು ಇದ್ದೇ ಇರುತ್ತದೆಂದು ಮನೆಯವರು ಮುಂಚೆಯೇ ತಿಳಿದಿರಲಿ.

ಇನ್ನು ಎದೆ ನೋವಿನ ಹೊತ್ತಿನ ವಿಚಾರ. ಕಳೆದ ನಾಟಿ ಸಮಯದಲ್ಲಿ ಒಬ್ಬ ರೈತರನ್ನು ಗದ್ದೆಯಿಂದ ನೇರವಾಗಿ ಕರೆತಂದಿದ್ದರು. ಕಾಲಿನ ಕೆಸರು ಒಣಗಿ ಇಸಿಜಿಯ ಕ್ಲಿಪ್ಪು ಕಚ್ಚುತ್ತಿರಲಿಲ್ಲ. ಸಿಸ್ಟರ್ ಒದ್ದೆ ಬಟ್ಟೆಯಲ್ಲಿ ಕಣಕಾಲು ಒರೆಸುತ್ತಿದ್ದರೆ ಅವರು ಕೆಸರಿನ ಕಾಲಲ್ಲಿ ಮಂಚ ಹತ್ತಿದೆನೆಂದು ಕ್ಷಮೆ ಕೇಳುತ್ತಿದ್ದರು. ಅವರು ಉಳಿದದ್ದು ಕಾಲು ತೊಳೆಯುವುದಕ್ಕೂ ನಿಲ್ಲದೆ ಬಂದದ್ದರಿಂದ. ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ ನೋವು, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು, ಕಾರಣವಿಲ್ಲದ ವಾಂತಿ, ಇವು ಹತ್ತು ನಿಮಿಷ ಮೀರಿದರೆ ಗ್ಯಾಸ್ಟ್ರಿಕ್ ಎಂದು ತೀರ್ಮಾನಿಸುವ ಹಕ್ಕು ಇಸಿಜಿಗೆ ಬಿಟ್ಟು ಬೇರೆ ಯಾರಿಗೂ ಇಲ್ಲ. ಹೆಂಗಸರಿಗೂ ಸಕ್ಕರೆ ಕಾಯಿಲೆಯವರಿಗೂ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಇರಬಹುದು. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡವಾಗುವಂತಿದ್ದರೆ ಸಿಕ್ಕ ಕಾರಿನಲ್ಲಿ ಹೊರಡಿ, ರೋಗಿ ತಾನೇ ಬೈಕ್ ಓಡಿಸಬಾರದು.

ನೇರ ಮೈಸೂರಿಗೇ ಓಡಬೇಕೆಂದು ಬಹಳ ಜನ ಸಮಯ ಕಳೆಯುತ್ತಾರೆ. ರಾಜ್ಯದಲ್ಲಿ 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ಜಯದೇವದಂತಹ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ದೊಡ್ಡ ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ, ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯದ ಸ್ಥಿತಿ ಏನೆಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ. ನೋವು ಶುರುವಾದ ಮೊದಲ ಒಂದೆರಡು ಗಂಟೆಗಳಲ್ಲಿ ಕೊಟ್ಟರೆ ಈ ಮದ್ದಿನ ಫಲ ಅತಿ ಹೆಚ್ಚು, ಹನ್ನೆರಡು ಗಂಟೆ ದಾಟಿದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ. ನೂರರಲ್ಲಿ ಒಬ್ಬರಷ್ಟು ರೋಗಿಗಳಿಗೆ ಇದರಿಂದ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ಬಿಪಿ ಹತೋಟಿಯಲ್ಲಿಲ್ಲದವರಿಗೆ ಆ ಅಪಾಯ ಹೆಚ್ಚು. ತಂದೆಯವರು ಮಾತ್ರೆ ಬಿಡಬಾರದೆನ್ನುವುದಕ್ಕೆ ಇದು ಇನ್ನೊಂದು ಕಾರಣ. ಚುಚ್ಚುಮದ್ದು ಕೊಟ್ಟ ಬಳಿಕವೂ ಒಂದು ದಿನದೊಳಗೆ ಆಂಜಿಯೋಗ್ರಾಂ ಇರುವ ಆಸ್ಪತ್ರೆಗೆ ಹೋಗಲೇಬೇಕು, ನೋವು ಹೋಯಿತೆಂದು ಮನೆಗೆ ಮರಳಬಾರದು. 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹರಡಿದಾಗ ಏನೂ ತೊಂದರೆ ಇಲ್ಲದವರು ಭಯದಿಂದ ಮೈಸೂರಿನ ಜಯದೇವದ ಮುಂದೆ ಸಾಲುಗಟ್ಟಿದ್ದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಅವರಲ್ಲಿ ಹೆಚ್ಚಿನವರಿಗೆ ಬೇಕಿದ್ದ ಬಿಪಿ, ಸಕ್ಕರೆ ಪರೀಕ್ಷೆ ಅವರ ಊರಿನ ಆರೋಗ್ಯ ಕೇಂದ್ರದಲ್ಲಿಯೇ ಇತ್ತು. ಚಿಕ್ಕಪ್ಪ 48ಕ್ಕೆ ಹೋದ ಮನೆಯಾದ್ದರಿಂದ ಅವರ ಮಕ್ಕಳು, ನಿಮ್ಮ ಅಣ್ಣ ಮತ್ತು ನೀವು 30 ದಾಟಿದ್ದರೆ ಈಗಲೇ ಈ ಪರೀಕ್ಷೆಗಳನ್ನು ಮಾಡಿಸಿಕೊಳ್ಳಿ.

ಕಡೆಯದಾಗಿ ನಿಮ್ಮ ಅತ್ತಿಗೆಯವರ ವಿಷಯ. ಹೆರಿಗೆ ಸುಲಭವಾಗಲೆಂದು ಬಸುರಿಯ ಊಟ ಕಡಿಮೆ ಮಾಡುವುದು ಅಜ್ಜಿಯವರ ಕಾಲದಲ್ಲಿ ಭಯದಿಂದ ಹುಟ್ಟಿದ ಎಚ್ಚರಿಕೆ. ಆಗ ಕಷ್ಟದ ಹೆರಿಗೆಯಲ್ಲಿ ತಾಯಿಯೇ ಸಾಯುತ್ತಿದ್ದಳು, ಆಪರೇಷನ್ ಮಾಡುವವರು ಹತ್ತಿರದಲ್ಲಿರಲಿಲ್ಲ. ಅಜ್ಜಿಯವರಿಗೆ ಇದನ್ನು ಗೌರವದಿಂದಲೇ ವಿವರಿಸಿ, ಮಿಷನ್ ಆಸ್ಪತ್ರೆಯ ದಾಖಲೆಗಳು ಹೇಳಿದ್ದನ್ನೂ ತಿಳಿಸಿ. ಅತ್ತಿಗೆಯವರು ಹಸಿವಾದಷ್ಟು ಉಣ್ಣಲಿ. ಮುದ್ದೆ, ಸೊಪ್ಪು, ಕಾಳು, ಹಾಲು, ಮೊಟ್ಟೆ ಇರಲಿ. ವಾರಕ್ಕೆ ಎರಡು ಮೂರು ಸಲ ಚೆನ್ನಾಗಿ ಬೆಂದ ಮೀನನ್ನು ಕೊಡಬಹುದು. ಬೂತಾಯಿ, ಬಂಗುಡೆ, ರೋಹು, ಕಟ್ಲಾ ಯಾವುದಾದರೂ ಸರಿ. ಪಾದರಸದ ಅಂಶ ಹೆಚ್ಚಿರುವ ಶಾರ್ಕ್‌ನಂತಹ ದೊಡ್ಡ ಬೇಟೆ ಮೀನು ಬೇಡ, ಉಪ್ಪು ತುಂಬಿದ ಒಣಮೀನೂ ಬೇಡ. ಕಬ್ಬಿಣಾಂಶದ ಮಾತ್ರೆ ತಪ್ಪಿಸಬಾರದು. ಮನೆತನದಲ್ಲಿ ಬಿಪಿ ಇರುವುದು ಮಾವನವರ ಕಡೆ, ಅತ್ತಿಗೆಯವರ ರಕ್ತಸಂಬಂಧದಲ್ಲಿ ಅಲ್ಲ. ಆದರೂ ಬಸುರಿನಲ್ಲಿ ಹೊಸದಾಗಿ ಬಿಪಿ ಏರುವುದುಂಟು, ಅದು ತಾಯಿ ಮಗು ಇಬ್ಬರಿಗೂ ಅಪಾಯ. ಹಾಗಾಗಿ ಪ್ರತಿ ತಪಾಸಣೆಯಲ್ಲಿಯೂ ತೂಕ, ಬಿಪಿ, ಮೂತ್ರ ಪರೀಕ್ಷೆ ಮಾಡಿಸಿ ತಾಯಿ ಕಾರ್ಡಿನಲ್ಲಿ ಬರೆಸಿ. ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.